ಯಾನ್ ಸುಚಿನ್ ಅಜ್ಜಿಯ ಹಿಮದ ರಾಶಿ

ಜೋಡಿ ಬಾವಿ ಓಣಿಯಲ್ಲಿ ದಿನಾ ಸೂರ್ಯನಿಗಿಂತ ಮೊದಲು ಹುಟ್ಟುತ್ತಿದ್ದದ್ದು ಯಾನ್ ಸುಚಿನ್ ಅಜ್ಜಿಯ ಅನುಮಾನ. ಸೂರ್ಯ ಒಂದು ಚೂರು ತಡ ಮಾಡಿ ಬಂದರೆ, ಇಷ್ಟು ಹೊತ್ತು ಯಾರ ಹಿತ್ತಲಲ್ಲಿ ಇಣುಕುತ್ತಿದ್ದ ಎಂಬುದು ಅವಳಿಗೆ ಗೊತ್ತಾಗಬೇಕು. ತೋಫು ಮಾರುವವನು ನಕ್ಕರೆ ತಕ್ಕಡಿಯಲ್ಲಿ ಮೋಸವಿದೆ. ನಗದಿದ್ದರೆ ಮೋಸ ಇನ್ನೂ ದೊಡ್ಡದಿದೆ.

ಇದು ಹುಟ್ಟುಗುಣವೇನಲ್ಲ, ಕಸುಬಿನಿಂದ ಅಂಟಿದ್ದು. ಲ್ಯೂಲಿಯಾಂಗ್ ಬೆಟ್ಟಗಳ ಬುಡದ ಈ ಊರಿನಲ್ಲಿ ಹತ್ತಿ ಗಿರಣಿ ಇದ್ದಷ್ಟು ಕಾಲವೂ ಅದರ ಗೇಟಿನಲ್ಲಿ ನಿಂತು, ಹೊರಗೆ ಹೋಗುವ ಹೆಂಗಸರ ಊಟದ ಡಬ್ಬಿ, ಹೆರಳು, ಕೋಟಿನ ಅಸ್ತರು ತಡವಿ ಬಿಡುವುದು ಅವಳ ಕೆಲಸವಾಗಿತ್ತು. ಬಸುರಿಯರನ್ನು ಅವಳು ಹೆರುವವರೆಗೂ ನಂಬುತ್ತಿರಲಿಲ್ಲ. ಹೆತ್ತ ಮೇಲೆ ಹೋಗಿ, ಕೂಸನ್ನು ಎತ್ತಿ ತೂಗಿ, ಒಳಗೆ ನೂಲಿನ ಲಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಕೂಸು ಹುಟ್ಟಿದ ಸಂತೋಷಕ್ಕೆ ಅವರು ಕೊಟ್ಟ ಕೆಂಪು ಬಣ್ಣದ ಮೊಟ್ಟೆ ಸುಲಿಯುತ್ತಿದ್ದಳಂತೆ. ಗಂಡ ಲೂ ಬಹಳ ಮೆದು ಮನುಷ್ಯ, ಮಾತೇ ಕಡಿಮೆ. ಏನು ಹೇಳಿದರೂ ಹೆಂಡತಿ ಸಾಕ್ಷಿ ಕೇಳುತ್ತಾಳೆಂದು ಅವನು ಹವಾಮಾನದ ಬಗ್ಗೆ ಕೂಡ ಬಾಯಿ ಬಿಡುತ್ತಿರಲಿಲ್ಲ. ಅವನು ಸತ್ತ ದಿನ ಮೂಗಿನ ಹತ್ತಿರ ಕನ್ನಡಿ ಹಿಡಿದು, ಕನ್ನಡಿ ಸುಳ್ಳು ಹೇಳುತ್ತಿದೆಯೇನೋ ಎಂದು ಪಕ್ಕದ ಮನೆಯಿಂದ ಇನ್ನೊಂದು ಕನ್ನಡಿ ತರಿಸಿದವಳು ಇವಳು.

ಇಂಥವಳು ಜಗತ್ತಿನಲ್ಲಿ ಒಂದೇ ಒಂದು ಜೀವವನ್ನು ನಂಬಿದ್ದಳು. ಅದು ಅಂಗಳದ ಅಕ್ರೋಟ್ ಮರ. ಮರ ನಿಂತಲ್ಲೇ ನಿಂತಿರುತ್ತದೆ, ಊಟದ ಡಬ್ಬಿ ಹಿಡಿದು ಗೇಟು ದಾಟುವುದಿಲ್ಲ, ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ ಸಿಗುತ್ತದೆ. ಮಾವನ ಮುತ್ತಜ್ಜನಿಗಿಂತ ಹಳೆಯದು. ಅದರ ನೆರಳು ಎಷ್ಟು ದೊಡ್ಡದೆಂದರೆ, ಒಂದು ಬೇಸಿಗೆಯಲ್ಲಿ ಪಕ್ಕದ ತಾಲೂಕಿನ ಕೋಳಿಗಳೆಲ್ಲ ಸಂಜೆಯಾಯಿತೆಂದು ಗೂಡು ಸೇರಿದ್ದವು. ಕಾಂಡ ಇವಳ ಅಂಗಳದಲ್ಲಿ, ಗೋಡೆಗೆ ಒತ್ತಿಕೊಂಡು. ಅರ್ಧ ಕೊಂಬೆಗಳು ಇವಳ ಛಾವಣಿಯ ಮೇಲೆ, ಇನ್ನರ್ಧ ಗೋಡೆಯಾಚೆ ಹೌ ಬಾವ್‌ಶಾನನ ಅಂಗಳದ ಮೇಲೆ. ಆ ಇನ್ನರ್ಧವೇ ಅವಳ ಬದುಕಿನ ದೊಡ್ಡ ತಲೆನೋವು.

ಹೌ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ನಿವೃತ್ತಿ ಕಾರ್ಖಾನೆಗೆ ಮಾತ್ರ. ಮನೆಯಲ್ಲಿ ಆಳೆತ್ತರದ ಭರಣಿಗಳಲ್ಲಿ ಮೂಲಂಗಿ, ಎಲೆಕೋಸು ನೆನೆಸಿ ಇಡೀ ಓಣಿಗೆ ಹಂಚುತ್ತಿದ್ದ. ಎರಡು ಹಳೆಯ ಅಕ್ರೋಟ್ ಕಾಯಿಗಳನ್ನು ಅಂಗೈಯಲ್ಲಿ ಕಟಕಟ ತಿರುಗಿಸುತ್ತ ಓಡಾಡುವುದು ಅವನ ಚಾಳಿ. ಆ ಸದ್ದು ಕೇಳಿದೊಡನೆ ಸುಚಿನ್ ಕಿಟಕಿಗೆ ಬರುತ್ತಿದ್ದಳು.

“ಅವೆರಡು ಎಲ್ಲಿಂದ ಬಂದ್ವು?”

“ಅಯ್ಯೋ ಅತ್ತಿಗೆ, ನಮ್ಮಪ್ಪನ ಕಾಲದ್ದು. ತಿರುಗಿ ತಿರುಗಿ ಗಾಜಾಗಿವೆ ನೋಡಿ.”

“ನಿಮ್ಮಪ್ಪನ ಕಾಲದಲ್ಲೂ ಮರ ಇಲ್ಲೇ ಇತ್ತು.”

ಹೌ ಇದಕ್ಕೆ ನಗುತ್ತಿದ್ದ. ಅವನ ನಗುವೂ ಅವಳ ಲೆಕ್ಕದಲ್ಲಿ ಒಂದು ಪುರಾವೆಯೇ. ಕೊಯ್ಲಿನ ಕಾಲದಲ್ಲಿ ಹಸಿ ಸಿಪ್ಪೆ ಮುಟ್ಟಿದವರ ಬೆರಳು ಕಪ್ಪಾಗುತ್ತದಲ್ಲ, ಆ ತಿಂಗಳು ಅವಳು ಎದುರಾದವರ ಮುಖ ನೋಡಿ ಮಾತಾಡಿದ್ದೇ ಇಲ್ಲ, ಕೈ ನೋಡಿಯೇ ಮಾತು. ಕೈಗವಸು ಹಾಕಿಕೊಂಡು ಬಂದವರ ಗತಿ ಕೇಳಬೇಡಿ.

ಹೀಗೆ ಊರನ್ನೆಲ್ಲ ಅನುಮಾನಿಸಿ ಉಳಿಸಿದ ಅಕ್ಕರೆಯನ್ನೆಲ್ಲ ಅವಳು ಮರಕ್ಕೆ ಸುರಿದಳು. ಅಂಗಳಕ್ಕೆ ಸಿಮೆಂಟು ಹಾಕುತ್ತೇವೆಂದು ಬಂದವರನ್ನು ಪೊರಕೆ ಹಿಡಿದು ಅಟ್ಟಿದಳು. ನೆಲ ಹೆಪ್ಪುಗಟ್ಟುವ ಮೊದಲು ಬುಡ ತುಂಬ ನೀರು ಕುಡಿಸುವಳು. ಕಾಂಡಕ್ಕೆ ಸುಣ್ಣ ಬಳಿಯುವಳು. ಒಣಕೊಂಬೆ ತೆಗೆಸುವುದಿದ್ದರೆ ಕೊಯ್ಲು ಮುಗಿದು ಎಲೆ ಉದುರುವ ಮೊದಲೇ. ಚಳಿಗಾಲ ಕಳೆದು ಚಿಗುರುವವರೆಗೆ ಅಕ್ರೋಟ್ ಮರಕ್ಕೆ ಕತ್ತಿ ತಾಗಿಸಿದರೆ ನಲ್ಲಿ ಬಿಚ್ಚಿದ ಹಾಗೆ ರಸ ಸುರಿಸಿಕೊಂಡು ಸೊರಗುತ್ತದೆ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇಷ್ಟಾದ ಮೇಲೆ ಹಿಮ. ನಮ್ಮ ಕಡೆ ಮೋಡ ಜಿಪುಣ. ಇಡೀ ಚಳಿಗಾಲ ಕೆಮ್ಮಿ ಕೆಮ್ಮಿ, ನಾಲ್ಕು ಸಲ ಹಿಡಿ ಹಿಡಿಯಾಗಿ ಹಿಮ ಉದುರಿಸಿ ಕೈ ಒರೆಸಿಕೊಳ್ಳುತ್ತದೆ. ಹಾಗಾಗಿ ಹಿಮ ಬಿದ್ದ ಬೆಳಿಗ್ಗೆ ಮರವಿದ್ದ ಮನೆಯವರೆಲ್ಲ ಸಲಿಕೆ ಹಿಡಿದು, ಬಾಗಿಲಲ್ಲಿ ಬಿದ್ದದ್ದನ್ನು ಮರದ ಬುಡಕ್ಕೆ ಒಟ್ಟುತ್ತಾರೆ. ಬುಡ ಬೆಚ್ಚಗಿರುತ್ತದೆ, ವಸಂತದಲ್ಲಿ ಮೆಲ್ಲಗೆ ಕರಗಿ ಬೇರಿಗೆ ಇಳಿಯುತ್ತದೆ.

ಸುಚಿನ್ ತನ್ನ ಬಾಗಿಲಿನ ಹಿಮಕ್ಕೆ ತೃಪ್ತಳಾಗುವವಳಲ್ಲ. ತಳ್ಳುಗಾಡಿ ಹಿಡಿದು ಓಣಿಯ ತುದಿಯ ದೊಡ್ಡ ರಸ್ತೆಗೆ ಹೋಗಿ, ಅಂಚಿನಲ್ಲಿ ಯಂತ್ರ ಬದಿಗೆ ತಳ್ಳಿದ ಹಿಮವನ್ನೂ ತುಂಬಿ ತರುತ್ತಿದ್ದಳು. ರಸ್ತೆ ಅಗಲ ಮಾಡಿದಂದಿನಿಂದ ಅಲ್ಲಿ ಹಿಮಕ್ಕೆ ಬರವಿರಲಿಲ್ಲ. ಅವಳ ಅಂಗಳದ ರಾಶಿ ಯಾವ ಮಟ್ಟಕ್ಕೆ ಬೆಳೆಯುತ್ತಿತ್ತೆಂದರೆ, ಒಂದು ವರ್ಷ ಊರಿಗೆಲ್ಲ ಬಿಸಿಲಿದ್ದಾಗಲೂ ಅದರ ತುದಿಯ ಮೇಲೆ ಮಾತ್ರ ಬೇರೆಯಾಗಿ ಹಿಮ ಬೀಳುತ್ತಿತ್ತು. ಆದರೆ ಒಂದು ಎಚ್ಚರ: ರಾಶಿಯನ್ನು ಗೋಡೆಯ ಹತ್ತಿರ ಮಾತ್ರ ಒಟ್ಟುತ್ತಿರಲಿಲ್ಲ. ಗೋಡೆಯಿಂದ ಒಂದು ಮಾರು ಬಿಟ್ಟು, ಪೂರ್ತಿ ತನ್ನ ಕಡೆಗೇ. ಗೋಡೆಗೆ ಒರಗಿಸಿದರೆ ಕರಗಿದ ನೀರು ಹೌ ಕಡೆಗೆ ಇಳಿದುಬಿಟ್ಟರೆ? ಅವನ ಕಡೆಯ ಬೇರು ಅವಳ ಹಿಮ ಕುಡಿದು ಅವನ ಅಂಗಳಕ್ಕೆ ಕಾಯಿ ಉದುರಿಸಿದರೆ?

ಒಂದು ಬೇಸಿಗೆಯಲ್ಲಿ ಎಲೆಯ ಅಂಚೆಲ್ಲ ಸುಟ್ಟ ರೊಟ್ಟಿಯಂತೆ ಕಂದಿತು. ಕೊಯ್ಲಿಗೆ ಬಂದ ಕಾಯಿ ಒಡೆದರೆ ಒಳಗೆ ತಿರುಳಿಲ್ಲ, ಕಪ್ಪು ಪುಡಿ. ಅದರ ಮುಂದಿನ ವರ್ಷ ತುದಿಗಳು ಒಣಗಿದವು. ಊರಿನ ಮರಗಳನ್ನು ನೋಡಿಕೊಳ್ಳುವ ಚಾಯ್ ಎಂಬ ಹೆಂಗಸು ಏಣಿ ಹೊತ್ತು ಬಂದಳು. ಸುತ್ತ ತಿರುಗಿ, ತೊಗಟೆ ಬಡಿದು ನೋಡಿದಳು.

“ಅಜ್ಜಿ, ಮರಕ್ಕೂ ವಯಸ್ಸಾಗತ್ತೆ. ಬೇರಿಗೆ ಏನೋ ಆಗಿದೆ, ಏನು ಅಂತ ಹೊರಗಿಂದ ಹೇಳಕ್ಕಾಗಲ್ಲ. ವಸಂತದವರೆಗೆ ನೋಡೋಣ. ಜೀವ ಇಲ್ಲ ಅಂದ್ರೆ ಮಾತ್ರ ಕಡೀಲೇಬೇಕು. ಎರಡು ಮನೆ ಛಾವಣಿ ಮೇಲೆ ತೂಗ್ತಿದೆ.”

“ನಿನ್ನ ಯಾರು ಹೇಳಿ ಕಳಿಸಿದ್ರು?”

“ಯಾರೂ ಇಲ್ಲ. ನೀವೇ ಫೋನ್ ಮೇಲೆ ಫೋನ್ ಮಾಡಿದ್ರಲ್ಲ.”

“ಮಾಡಿದ್ದು ನಾನೇ ಅಂತ ನಿಂಗೆ ಹೇಗೆ ಗೊತ್ತು?”

ಚಾಯ್ ಏಣಿ ಹೊತ್ತು ಹೊರಟಳು. ಸುಚಿನ್ ಮಾತ್ರ ಅಂಗಳದಲ್ಲಿ ನಿಂತೇ ಇದ್ದಳು. ಬೇರಿಗೆ ಏನೋ ಆಗಿದೆ. ತಾನಾಗಿ ಏನೂ ಆಗುವುದಿಲ್ಲ, ಯಾರಾದರೂ ಮಾಡಿದರೆ ಆಗುತ್ತದೆ: ಗಿರಣಿಯ ಗೇಟು ಅವಳಿಗೆ ಕಲಿಸಿದ್ದ ವಿದ್ಯೆ ಇಷ್ಟೇ. ಬಗ್ಗಿ ಬುಡದ ಮಣ್ಣು ಒಂದು ಚಿಟಿಕೆ ತೆಗೆದು ಮೂಸಿದಳು. ಏನೂ ಗೊತ್ತಾಗಲಿಲ್ಲ. ನಾಲಗೆಗೆ ಇಟ್ಟಳು.

ಉಪ್ಪು.

ಓಣಿಯಲ್ಲಿ ಉಪ್ಪಿನ ಭರಣಿಗಳು ಯಾರ ಮನೆಯಲ್ಲಿವೆ? ಗೋಡೆಯಾಚೆ ಯಾರಿದ್ದಾರೆ? ಕೊಂಬೆ ಛಾವಣಿಯ ಹೆಂಚು ಒಡೆಯುತ್ತಿದೆ ಎಂದು ಹೋದ ವರ್ಷ ಗೊಣಗಿದವನು ಯಾರು? ಅವಳು ಸೀದಾ ಗುವೊನ ಕ್ಷೌರದಂಗಡಿಗೆ ಹೋದಳು. ಬಿಸಿಲು ಕಾಯಲು ಅರ್ಧ ಓಣಿ ಅಲ್ಲೇ ಕುಳಿತಿರುತ್ತದೆ. ಹೌ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ.

“ಭರಣಿಯ ಹಳೇ ಉಪ್ಪುನೀರು ಎಲ್ಲಿ ಚೆಲ್ತೀಯ ಹೌ?”

“ಚರಂಡಿಗೆ. ಯಾಕತ್ತಿಗೆ?”

“ಸುಳ್ಳು. ನನ್ನ ಮರದ ಬುಡಕ್ಕೆ ಚೆಲ್ತಿದ್ದೀಯ. ಮಣ್ಣು ನೆಕ್ಕಿ ನೋಡಿ ಬಂದಿದ್ದೀನಿ.”

ಯಾರೋ ಕಿಸಕ್ಕೆಂದರು. ಹೌ ಸೋಪಿನ ಮುಖದಲ್ಲೇ ಎದ್ದು ಕುಳಿತ. “ಅತ್ತಿಗೆ, ನಿಮ್ಮ ತಮಾಷೆ ಎಲ್ಲ ಸಹಿಸಿದ್ದೀನಿ. ಇದು ತಮಾಷೆ ಅಲ್ಲ. ನಿಮ್ಮ ಲೂ ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ ಬೆಳೆಸಿದವನು. ಅವನ ಮರಕ್ಕೆ ನಾನು ವಿಷ ಹಾಕ್ತೀನಾ?”

“ಹಾಗಾದ್ರೆ ಉಪ್ಪು ಆಕಾಶದಿಂದ ಬಿತ್ತಾ?”

ಇದಕ್ಕೆ ಹೌ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದವನು ಕಳ್ಳ. ಅವನು ಅರ್ಧ ಬೋಳಿಸಿದ ಗಡ್ಡದಲ್ಲೇ ಮನೆಗೆ ಹೋದ. ಮಾರನೆಯ ದಿನ ಭರಣಿಗಳನ್ನೆಲ್ಲ ಗೋಡೆಯ ಪಕ್ಕದಿಂದ ಎತ್ತಿ ಒಳಗೆ ಸಾಗಿಸಿದ. ಕಟಕಟ ಸದ್ದು ನಿಂತುಹೋಯಿತು. ಓಣಿಗೆ ಮೂಲಂಗಿ ಹಂಚುವುದೂ ನಿಂತಿತು; ಜನ ಸಪ್ಪೆ ಗಂಜಿ ಕುಡಿಯುತ್ತ ಸುಚಿನ್‌ಗೆ ಶಾಪ ಹಾಕಿದರು.

ಆ ಚಳಿಗಾಲ ಅವಳು ಮರವನ್ನು ಕಾದ ಹಾಗೆ ಗಡಿಯನ್ನು ಯಾವ ಸೈನ್ಯವೂ ಕಾದಿರಲಿಕ್ಕಿಲ್ಲ. ಒಲೆಯ ಬಿಸಿ ಅಡಿಯಲ್ಲಿ ಹಾಯುವ ಮಲಗುವ ಜಗಲಿಯನ್ನು ಬಿಟ್ಟು ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಕುಳಿತಳು. ಅಂಗಳದಲ್ಲಿ ಬೂದಿ ಎರಚಿ, ಹೆಜ್ಜೆ ಗುರುತು ಮೂಡಿದೆಯೇ ಎಂದು ಬೆಳಿಗ್ಗೆ ನೋಡುತ್ತಿದ್ದಳು. ಒಂದು ಬೆಕ್ಕಿನ ಹೆಜ್ಜೆ ಕಂಡಾಗ ಆ ಬೆಕ್ಕು ಯಾರ ಮನೆಯದೆಂದು ವಾರವಿಡೀ ವಿಚಾರಿಸಿದಳು. ಹೆಪ್ಪುಗಟ್ಟಿದ ಮಣ್ಣನ್ನು ಉಗುರಿನಿಂದ ಕೆರೆದು ಆಗಾಗ ನಾಲಗೆಗೆ ಇಡುವಳು. ಯಾರೂ ಬಂದಿಲ್ಲ, ಗೋಡೆಯಾಚೆ ಸದ್ದಿಲ್ಲ, ಬೂದಿ ಹಾಗೇ ಇದೆ. ಆದರೆ ಉಪ್ಪು ಹೆಚ್ಚುತ್ತಿದೆ! ಅಬ್ಬಾ, ಎಂಥ ಪಾಕಡಾ ಕಳ್ಳನಿವನು ಎಂದು ಅವಳಿಗೆ ಒಳಗೊಳಗೇ ಹೌ ಬಗ್ಗೆ ಗೌರವ ಕೂಡ ಹುಟ್ಟಿತು. ಕಳ್ಳ ಕೈಚಳಕ ತೋರಿಸಿದಷ್ಟೂ ಅವಳು ಮರದ ಶುಶ್ರೂಷೆ ಹೆಚ್ಚಿಸಿದಳು. ಹಿಮ ಬಿದ್ದಾಗಲೆಲ್ಲ ರಸ್ತೆಗೆ ಹಿಂದಿಗಿಂತ ಹೆಚ್ಚು ಸಲ ಗಾಡಿ ತಳ್ಳಿದಳು.

ಲಾಂದ್ರದ ಹಬ್ಬ ಮುಗಿದ ಮೇಲೆ ಬಂದ ಕೊನೆಯ ಚಳಿ ನಲ್ಲಿಯನ್ನು ಕಟ್ಟಿಹಾಕಿತು. ನವಣೆ ಗಂಜಿಗೆ ನೀರಿಲ್ಲ. ಸುಚಿನ್ ರಾಶಿಯಿಂದ ಒಂದು ಪಾತ್ರೆ ಹಿಮ ಕೆತ್ತಿ ತಂದು ಒಲೆಯ ಮೇಲಿಟ್ಟು, ಕರಗಿಸಿ, ನವಣೆ ಸುರಿದಳು. ಬೆಂದ ಗಂಜಿಯನ್ನು ಒಂದು ಚಮಚ ಬಾಯಿಗಿಟ್ಟವಳು ಹಾಗೇ ಉಗಿದಳು. ಗಂಜಿಯಲ್ಲ, ಭರಣಿಯ ನೀರು! ಹಾಗಾದರೆ ಅವನು ಹಿಮಕ್ಕೂ ಬೆರೆಸಿದ್ದಾನೆ!

ಬಟ್ಟಲು ಹಿಡಿದೇ ಅವಳು ಹೌ ಬಾಗಿಲು ಬಡಿದಳು.

“ಕುಡಿ.”

ಹೌ ಹೆದರುತ್ತ ಒಂದು ಗುಟುಕು ಕುಡಿದು ಮುಖ ಕಿವುಚಿದ. “ಉಪ್ಪು ಜಾಸ್ತಿ ಆಗಿದೆ.”

“ನಾನು ಉಪ್ಪೇ ಹಾಕಿಲ್ಲ! ಹಿಮ ಕರಗಿಸಿ ಮಾಡಿದ್ದು. ಹಿಮಕ್ಕೆ ಯಾವಾಗ ಸುರಿದೆ ಹೇಳು.”

“ನಿಮ್ಮ ಕಿಟಕಿ ಮುಂದೆ ಇಲಿ ಹಾದುಹೋಗೋಕೆ ನಿಮ್ಮ ಅಪ್ಪಣೆ ಬೇಕು, ನಾನು ಭರಣಿ ಹೊತ್ಕೊಂಡು ಬಂದ್ನಾ?” ಎಂದ ಹೌ. ಅವನಿಗೆ ಈಗ ಸಿಟ್ಟಿಗಿಂತ ಕುತೂಹಲ ಬಂದಿತ್ತು. “ಇರಿ ಅತ್ತಿಗೆ. ಅಷ್ಟೂ ಹಿಮ ನಿಮ್ಮ ಅಂಗಳದಲ್ಲೇ ಬಿದ್ದಿದ್ದಾ?”

ಸುಚಿನ್ ಬಟ್ಟಲನ್ನು ಅವನ ಹೊಸ್ತಿಲ ಮೇಲೆ ಇಟ್ಟು ಹೊರಟಳು.

ದೊಡ್ಡ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಬ್ಬ ಮುದುಕಿ ಹಿಮ ತಿನ್ನುತ್ತಿದ್ದದ್ದನ್ನು ಆ ಬೆಳಿಗ್ಗೆ ಬಸ್ಸಿನಲ್ಲಿ ಹೋದವರೆಲ್ಲ ಕಂಡರು. ಒಂದು ಚಿಟಿಕೆ ಇಲ್ಲಿ, ಹತ್ತು ಹೆಜ್ಜೆ ಆಚೆ ಇನ್ನೊಂದು ಚಿಟಿಕೆ. ಎಲ್ಲ ಕಡೆ ಉಪ್ಪು, ಕೊನೆಯಲ್ಲಿ ಒಂದು ಕಹಿ. ಇಡೀ ರಸ್ತೆಗೆ ಹೌ ಉಪ್ಪುನೀರು ಚೆಲ್ಲಿರಬಹುದೇ? ಸುಳ್ಳೇಕೆ, ಆ ಸಾಧ್ಯತೆಯನ್ನು ಅವಳು ಬಹಳ ಹೊತ್ತು, ಪ್ರಾಮಾಣಿಕವಾಗಿ ಯೋಚಿಸಿದಳು. ಎಷ್ಟು ಭರಣಿ ಬೇಕು, ಅಷ್ಟು ಮೂಲಂಗಿ ಎಲ್ಲಿಂದ ತಂದ, ಯಾರು ಹೊರಲು ಸಹಾಯ ಮಾಡಿದರು. ಅವಳ ವಿಚಾರಣೆ ಇನ್ನೂ ಅರ್ಧದಲ್ಲಿತ್ತು. ಅಷ್ಟರಲ್ಲಿ ಹಳದಿ ದೀಪದ ಲಾರಿಯೊಂದು ಮೆಲ್ಲಗೆ ಬಂತು. ಅದರ ಹಿಂದಿನ ತಟ್ಟೆ ಗಿರ್ರನೆ ತಿರುಗುತ್ತ, ಹಿಮ ಕರಗಿ ರಸ್ತೆ ಜಾರದಿರಲೆಂದು ಬಿಳಿ ಹರಳುಗಳನ್ನು ಎರಚುತ್ತಿತ್ತು. ಒಂದು ಹಿಡಿ ಅವಳ ಕಾಲಿಗೇ ಬಡಿಯಿತು. ಬಗ್ಗಿ ಒಂದು ಹರಳು ಎತ್ತಿ ನಾಲಗೆಗೆ ಇಟ್ಟಳು. ಅದೇ ಉಪ್ಪು, ಅದೇ ಕಹಿ.

ಮನೆಗೆ ಬರುವ ದಾರಿ ಅವತ್ತು ಬಹಳ ಉದ್ದವಾಗಿತ್ತು. ವರ್ಷ ವರ್ಷವೂ ಗಾಡಿ ತಳ್ಳಿದ್ದು ಯಾರು? ಯಾರಿಗೂ ಮುಟ್ಟಲು ಬಿಡದೆ ಬುಡಕ್ಕೆ ಒಟ್ಟಿದ್ದು ಯಾರು? ಗೇಟಿನಲ್ಲಿ ಸಾವಿರಾರು ಹೆಂಗಸರನ್ನು ತಡವಿ ಬಿಟ್ಟವಳು ತನ್ನ ಗಾಡಿಯನ್ನು ಮಾತ್ರ ಒಂದು ದಿನವೂ ತಡವಿರಲಿಲ್ಲ.

ಅಳಲು ಹೊತ್ತಿರಲಿಲ್ಲ. ಇನ್ನು ಕೆಲವೇ ದಿನಕ್ಕೆ ಬಿಸಿಲು ಏರುತ್ತದೆ, ರಾಶಿ ಕರಗಿ ಅಷ್ಟೂ ಉಪ್ಪು ಬೇರಿಗೆ ಇಳಿಯುತ್ತದೆ. ಸಲಿಕೆ ಹಾಕಿದಳು, ಕಬ್ಬಿಣಕ್ಕೆ ಹಾಕಿದಂತೆ ಠಣ್ ಎಂದಿತು. ಮತ್ತೆ ಹಾಕಿದಳು. ಮೂರನೆಯದಕ್ಕೆ ಸಲಿಕೆಯ ಹಿಡಿ ಮುರಿಯಿತು. ಗೋಡೆಯ ಮೇಲೆ ಹೌ ತಲೆ ಕಂಡಿತು.

“ಇಡೀ ಚಳಿಗಾಲ ಒಳಗೆ ಹೊತ್ರಿ. ಈಗ ಹೊರಗೆ ಹೊರ್ತಿದ್ದೀರಾ? ವ್ಯಾಯಾಮನಾ?”

“ನಿನ್ನ ಹತ್ರ ಗುದ್ದಲಿ ಇದ್ಯಾ?”

“ಇದೆ. ಆದ್ರೆ ಕಳ್ಳನ ಮನೆ ಗುದ್ದಲಿ ಅದು, ನಿಮ್ಮ ಕೈಗೆ ಒಗ್ಗತ್ತಾ?”

ಅವಳು ಮುರಿದ ಹಿಡಿಯನ್ನು ಬಿಸಾಡಿ ಗೋಡೆಯ ಮೇಲೆ ಕೈ ಚಾಚಿದಳು. ಅದನ್ನು ನೋಡಿ ಅವನಿಗೇ ಗಾಬರಿಯಾಯಿತು. ಆ ಹೆಂಗಸು ಸಾಕ್ಷಿ ಕೇಳದೆ ಕೈ ಚಾಚಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

“ಗುದ್ದಲಿ ಕೊಡ್ತೀನಿ, ಕೈಯೂ ಹಾಕ್ತೀನಿ,” ಎಂದ ಕೊನೆಗೆ. “ಆದ್ರೆ ಗುವೊ ಅಂಗಡೀಲಿ ನನ್ನ ಮರ್ಯಾದೆ ಅರ್ಧ ಬೋಳಿಸಿ ಕಳಿಸಿದ್ರಿ. ಅದೇ ಅಂಗಡಿಗೆ ಬರಬೇಕು, ಈಗಲೇ.”

ಹೋಗದಿದ್ದರೆ? ಒಂಟಿಯಾಗಿ ಕಡಿದರೆ ರಾಶಿ ಬೇಸಿಗೆಯವರೆಗೂ ಮುಗಿಯದು. ಅವಳು ಮರವನ್ನೊಮ್ಮೆ ನೋಡಿದಳು, ತಲೆಯ ಬಟ್ಟೆ ಬಿಗಿದುಕೊಂಡು ನಡೆದಳು.

ಅಂಗಡಿಯ ಮುಂದೆ ಎಂದಿನ ಜನ. ಸುಚಿನ್ ಗಿರಣಿಯ ಗೇಟಿನಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತಳು.

“ಮರಕ್ಕೆ ಉಪ್ಪು ಹಾಕಿದವರು ಸಿಕ್ಕಿದ್ದಾರೆ. ಹೌ ಬಾವ್‌ಶಾನ್ ಅಲ್ಲ.”

“ಮತ್ಯಾರಜ್ಜಿ?” ಗುವೊ ಕತ್ತರಿ ನಿಲ್ಲಿಸಿದ.

“ಯಾನ್ ಸುಚಿನ್ ಅಂತ. ರಸ್ತೆಯಿಂದ ಗಾಡಿಗಟ್ಟಲೆ ತಂದು ಸುರಿದಿದ್ದಾಳೆ. ಅವಳ ಮೇಲೆ ನಾನು ಮೊದಲಿಂದ್ಲೂ ಒಂದು ಕಣ್ಣಿಡಬೇಕಿತ್ತು.”

ಯಾರೂ ನಗಲಿಲ್ಲ. ಹೌ ಕೆಮ್ಮಿದ. “ಸಾಕು ಬನ್ನಿ ಅತ್ತಿಗೆ, ಬಿಸಿಲು ಏರ್ತಿದೆ,” ಎಂದು ಗುದ್ದಲಿ ಹೆಗಲಿಗೇರಿಸಿದ. ಗುವೊ ಅಂಗಡಿ ಮುಚ್ಚಿ ಹಿಂದೆ ಬಂದ. ಅರ್ಧ ಕ್ಷೌರವಾದ ಗಿರಾಕಿಯೂ ಬಂದ.

ರಾಶಿಯನ್ನು ಒಡೆದು ಚರಂಡಿಗೆ ಸಾಗಿಸಿದರು. ನೆಲ ಬಿಟ್ಟುಕೊಂಡ ಮೇಲೆ ಚಾಯ್ ಬಂದಳು. ವಿಷಯ ಕೇಳಿ, “ಹಾಗಾದ್ರೆ ಮೇಲಿನ ಮಣ್ಣು ತೆಗೀರಿ, ಬೇರು ಗಾಯ ಮಾಡ್ಬೇಡಿ. ಆಮೇಲೆ ನೀರು. ಉಪ್ಪು ಕೆಳಗೆ ಇಳಿದು ಹೋಗೋವರೆಗೂ ನೀರು,” ಎಂದಳು. ಹೌ ತನ್ನ ನಲ್ಲಿಯಿಂದ ಗೋಡೆಯ ಮೇಲೆ ಪೈಪು ಹಾಯಿಸಿದ. ಸುಚಿನ್ ಪೈಪಿನ ಮೊದಲ ನೀರನ್ನು ರುಚಿ ನೋಡಿಯೇ ಮಣ್ಣಿಗೆ ಬಿಟ್ಟಳು. “ಯಾಕೆ ಇಷ್ಟೆಲ್ಲ ಮಾಡ್ತಿದ್ದೀಯ?” ಎಂದು ದಿನಾ ಕೇಳಿದಳು. “ನಿಮ್ಮ ಮರ ಸತ್ರೆ ನೀವು ಪೂರ್ತಿ ಹೊತ್ತು ನನ್ನೇ ಕಾಯ್ತೀರಲ್ಲ, ಆ ಭಯಕ್ಕೆ,” ಎಂದು ಅವನು ದಿನಾ ಹೇಳಿದ.

ವಸಂತ ಬಂದು, ಹಿರಿಯರ ಸಮಾಧಿ ಗುಡಿಸುವ ಹಬ್ಬದ ಹೊತ್ತಿಗೆ ಊರಿನ ಮರಗಳೆಲ್ಲ ಚಿಗುರಿ ಕಣ್ಣು ಬಿಟ್ಟವು. ಅಕ್ರೋಟ್ ಮಾತ್ರ ಬೂದು ಬಣ್ಣದಲ್ಲಿ ನಿಂತಿತ್ತು. ಚಾಯ್ ಏಣಿ ತಂದಳು, ಗರಗಸವನ್ನೂ ತಂದಳು. ಗರಗಸ ಕಂಡು ಸುಚಿನ್ ಮರಕ್ಕೆ ಬೆನ್ನು ಕೊಟ್ಟು ನಿಂತಳು.

“ಮೊದಲು ಕಡ್ಡಿ ಕತ್ತರಿಸಿ ನೋಡ್ತೀನಿ,” ಎಂದಳು ಚಾಯ್. “ಈ ಕಾಲದಲ್ಲಿ ಜೀವ ಇದ್ರೆ ರಸ ಒಸರಬೇಕು.”

ಚಾಯ್ ಮೊದಲು ಸುಚಿನ್ ಅಂಗಳದ ಕಡೆಯ ಒಂದು ಕಡ್ಡಿ ಕತ್ತರಿಸಿದಳು. ಕಾದರು. ಒಣ. ಒಳಗೆ ಕಂದು ಬಣ್ಣ. ಮೇಲೆ ಹೋಗಿ ಇನ್ನೊಂದು. ಒಣ. ದಪ್ಪನೆಯ ಕೊಂಬೆಯಲ್ಲಿ ಮತ್ತೊಂದು. ಅದೂ ಒಣ, ಕಿಟಕಿಯ ಚೌಕಟ್ಟಿನ ಹಾಗೆ. ಚಾಯ್ ಏಣಿಯನ್ನು ಗೋಡೆಯಾಚೆ ಸಾಗಿಸಿದಳು. ಹೌ ಏಣಿ ಹಿಡಿದ. ಅವಳು ಹತ್ತಿ ಅವನ ಕಡೆಯ ಕಡ್ಡಿಯೊಂದನ್ನು ಕತ್ತರಿಸಿ ಇಳಿದಳು, ಇಬ್ಬರೂ ತಲೆ ಎತ್ತಿ ನಿಂತರು.

“ಅತ್ತಿಗೆ!” ಎಂದು ಹೌ ಕೂಗಿದ. “ಒದ್ದೆ! ಒದ್ದೆ ಆಗಿದೆ!”

ಸುಚಿನ್ ಓಡಿ ಬಂದಳು. ಕತ್ತರಿಸಿದ ತುದಿ ನಿಜಕ್ಕೂ ಹೊಳೆಯುತ್ತಿತ್ತು. ಅವಳು ಆ ತುದಿಯನ್ನು ನೋಡಿದಳು, ಹೌ ಮುಖ ನೋಡಿದಳು, ಅವನ ಬಾಯಿ ನೋಡಿದಳು.

“ಉಗುಳು ಹಚ್ಚಿದ್ಯಾ?”

“ಏನು?”

“ಮುದುಕಿಗೆ ಸಮಾಧಾನ ಆಗ್ಲಿ ಅಂತ ಉಗುಳು ಹಚ್ಚಿದ್ಯಾ? ಇಬ್ರೂ ದೂರ ಹೋಗಿ. ಬಾಗಿಲ ಹತ್ರ ನಿಲ್ಲಿ. ಕೈ ಕಾಣ್ಬೇಕು ನಂಗೆ.”

ಊರಿನ ಮರಗಳ ಅಧಿಕಾರಿಣಿಯೂ ಉಪ್ಪಿನಕಾಯಿಯ ಹೌ ಕೂಡ ಕೈ ಮುಂದೆ ಚಾಚಿ ಬಾಗಿಲ ಬಳಿ ನಿಂತರು. ಸುಚಿನ್ ಚಾಯ್‌ಳ ಕತ್ತರಿ ಹಿಡಿದು ತಾನೇ ಏಣಿ ಹತ್ತಿದಳು. ಏಣಿ ನಡುಗುತ್ತಿದೆ ಎಂದು ಬೈದಳು. ಬೇರೆ ಕೊಂಬೆ, ಯಾರೂ ಮುಟ್ಟದ ಕಡ್ಡಿ ಆರಿಸಿ ಕತ್ತರಿಸಿದಳು. ತೊಗಟೆಯ ಒಳಗೆ ಹಸಿರು. ಮುಖ ಹತ್ತಿರ ಒಯ್ದು ನೋಡಿದಳು. ಮೊದಲು ಏನೂ ಇಲ್ಲ. ಆಮೇಲೆ ತುದಿ ಬೆವರಿದಂತಾಯಿತು. ಬೆವರು ಕೂಡಿತು, ದುಂಡಗಾಯಿತು, ತೂಗಿತು, ಅವಳ ಮಣಿಕಟ್ಟಿನ ಮೇಲೆ ಬಿತ್ತು. ಅದರ ಹಿಂದೆಯೇ ಇನ್ನೊಂದು.

ಅವಳು ಬಹಳ ಹೊತ್ತು ಏಣಿಯ ಮೇಲೆಯೇ ಇದ್ದಳು. ಕೆಳಗಿನವರಿಗೆ ಬೆನ್ನು ಮಾತ್ರ ಕಾಣುತ್ತಿತ್ತು.

ಇಳಿದು ಬಂದಾಗ ಚಾಯ್ ಹೇಳಿದಳು: “ಈ ಕಡೆ ಅರ್ಧ ಬದುಕತ್ತೆ ಅಜ್ಜಿ. ನಿಮ್ಮ ಕಡೆದು ಹೋಯ್ತು, ತೆಗೀಲೇಬೇಕು. ಗೋಡೆ ಈಚೆ ಬೇರಿಗೆ ಆ ಹಿಮ ತಲುಪೇ ಇಲ್ಲ, ಅದಕ್ಕೇ ಉಳಿದಿದೆ. ಗೋಡೆ ಹತ್ರ ಯಾಕೆ ಒಟ್ಟಲಿಲ್ಲ ನೀವು?”

ಸುಚಿನ್ ಹೌ ಕಡೆ ನೋಡಲಿಲ್ಲ. “ಜಾಗ ಇರ್ಲಿಲ್ಲ,” ಎಂದಳು.

ಅವಳ ಕಡೆಯ ಅರ್ಧ ಮರವನ್ನು ಆ ವಾರವೇ ಇಳಿಸಿದರು. ಅವಳ ಛಾವಣಿಯ ಮೇಲೆ ಮನೆ ಕಟ್ಟಿದಂದಿನಿಂದ ಕಾಣದ ಆಕಾಶ ಬಂದು ಕುಳಿತಿತು. ಇನ್ನು ಮೇಲೆ ಮರದಲ್ಲಿ ಬಿಡುವ ಕಾಯಿ ಒಂದೊಂದೂ ಬೀಳುವುದು ಹೌ ಅಂಗಳಕ್ಕೇ. ಈ ವಿಷಯ ಅವಳಿಗೆ ಗರಗಸದ ಸದ್ದು ನಿಂತ ಕ್ಷಣದಲ್ಲಿ ಹೊಳೆಯಿತು. ಅಂದೇ ಮಧ್ಯಾಹ್ನ ಸ್ಟೂಲು, ದಿಂಬು, ಬಿಸಿನೀರಿನ ಫ್ಲಾಸ್ಕು ಹೊತ್ತುಕೊಂಡು ಹೌ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಭರಣಿಗಳನ್ನು ಮತ್ತೆ ಹೊರಗೆ ಜೋಡಿಸುತ್ತಿದ್ದವನು ಹಾಗೇ ನಿಂತ.

“ಅತ್ತಿಗೆ, ಕಾಯಿ ಉದುರೋಕೆ ಇನ್ನೂ ಶರತ್ಕಾಲ ಬರ್ಬೇಕು.”

“ಗೊತ್ತು,” ಎಂದಳು ಸುಚಿನ್, ಕೊಂಬೆ ಚೆನ್ನಾಗಿ ಕಾಣುವ ಕಡೆ ಸ್ಟೂಲು ಸರಿಸಿಕೊಳ್ಳುತ್ತ. “ಹೂವು ಎಷ್ಟು ಬಿಡತ್ತೆ ಅಂತ ಈಗ್ಲೇ ನೋಡ್ಕೊಂಡ್ರೆ, ಆಮೇಲೆ ನೀನು ಏನೂ ಹೇಳೋಕಾಗಲ್ಲ. ಸ್ವಲ್ಪ ಆ ಕಡೆ ನಿಲ್ಲು, ಬಿಸಿಲಿಗೆ ಅಡ್ಡ ಬರ್ತಿದ್ದೀಯ.”